ಶಿವಶರಣೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ

ಶ್ರೀಮಠದಲ್ಲಿ ಮಹೋತ್ಸವವು ನಡೆಯುವ ದಿವಸಗಳಲ್ಲಿ ದಾಸೋಹದ ಮನೆಯ ಮುಂದೆ ಭಕ್ತರ ಬಂಡಿಗಳೂ ವಾಹನಗಳೂ ಬಂದು ನಿಲ್ಲುವವು. ಅಕ್ಕಿ, ಜೋಳ, ಬೇಳೆಗಳ ಚೀಲಗಳು ಒಂದರ ಹಿಂದೊಂದು ಇಳಿಯುವವು. ಹೊರುವವರ ಅವಸರದಲ್ಲಿ ಒಂದೆರಡು ಹಿಡಿ ಕಾಳು ನೆಲಕ್ಕೆ ಉದುರಿ ಕಾಲ್ತುಳಿತಕ್ಕೆ ಸಿಕ್ಕುವದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡು ಸುಮ್ಮನೆ ಮುಂದೆ ಸಾಗಿದ್ದೇವೆ. ಸುಮಾರು 850 ವರ್ಷಗಳ ಹಿಂದೆ ಕಲ್ಯಾಣ ಪಟ್ಟಣದಲ್ಲಿ ಇಂಥ ಉದುರಿದ ಕಾಳುಗಳನ್ನೇ ನಂಬಿಕೊಂಡು ಒಂದು ಸಂಸಾರವು ನಡೆದಿತ್ತು. ಆ ಸಂಸಾರಕ್ಕೆ ಹೊಲವಿರಲಿಲ್ಲ, ಹಗೇವಿರಲಿಲ್ಲ, ನಾಳಿನ ಬುತ್ತಿಯೂ ಇರಲಿಲ್ಲ. ಆದರೂ ಅದು ಅರಮನೆಯ ಭಂಡಾರಿಯನ್ನು ತನ್ನ ಪಂಕ್ತಿಗೆ ಕರೆದು ಉಣಬಡಿಸಿದ ಸಂಸಾರ. ಅದರ ಒಡತಿಯೇ ಆಯ್ದಕ್ಕಿಯ ಲಕ್ಕಮ್ಮ. ಆ ಮಹಾತಾಯಿಯ ಚರಿತ್ರೆಯನ್ನು ನಮ್ಮ ಅಲ್ಪಮತಿಗೆ ತೋಚಿದಷ್ಟು ಇಲ್ಲಿ ನಿವೇದಿಸುತ್ತೇವೆ.

ಲಕ್ಕಮ್ಮನೂ ಆಕೆಯ ಪತಿಯಾದ ಮಾರಯ್ಯನೂ ಅಮರೇಶ್ವರವೆಂಬ ಕ್ಷೇತ್ರದವರು. ಆ ಕ್ಷೇತ್ರವು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿರುವದು. ಕ್ರಿಸ್ತಶಕ 12ನೆಯ ಶತಮಾನದ ನಡುವಿನ ಕಾಲವದು. ಕಲಚುರಿ ವಂಶದ ಬಿಜ್ಜಳನು ಕಲ್ಯಾಣದಲ್ಲಿ ಆಳುತ್ತಿದ್ದನು. ಬಸವಣ್ಣನವರು ಅವನ ಭಂಡಾರಿಗಳಾಗಿದ್ದರು. ಬಸವಣ್ಣನವರ ಕೀರ್ತಿಯು ನಾಡಿನಲ್ಲೆಲ್ಲ ಹರಡಿ, ಅರಸನಾಗಿದ್ದವನೂ ಅಂಬಿಗನೂ, ಹಗ್ಗ ಹೊಸೆಯುವವನೂ ಬಟ್ಟೆ ಮಡಿಮಾಡುವವನೂ ಒಂದೇ ಮಂಟಪದಲ್ಲಿ ಕೂಡುವ ಸಂಗತಿಯನ್ನು ಕೇಳಿ ನಾನಾ ದಿಕ್ಕುಗಳಿಂದ ಭಕ್ತರು ಕಲ್ಯಾಣಕ್ಕೆ ಬರತೊಡಗಿದ್ದರು. ಈ ದಂಪತಿಗಳೂ ಹಾಗೆಯೇ ಬಂದರು. ಅಮರೇಶ್ವರದಿಂದ ಉತ್ತರಕ್ಕೆ ಹೊರಟು ಕೃಷ್ಣೆಯನ್ನು ದಾಟಿ, ಭೀಮೆಯನ್ನು ದಾಟಿ, ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವನ್ನು ಮುಟ್ಟುವದು ಆಗಿನ ಕಾಲದ ಕಾಲುದಾರಿಯಲ್ಲಿ ಸಣ್ಣ ಪ್ರಯಾಣವಲ್ಲ. ಊರಿನ ದೇವರ ಹೆಸರೊಂದನ್ನು ಮಾತ್ರ ಅವರು ಸಂಗಡ ತಂದರು. ಆ ಅಮರೇಶ್ವರಲಿಂಗವೇ ಇಬ್ಬರ ವಚನಗಳಿಗೂ ಮುದ್ರಿಕೆಯಾಯಿತು.

ಕಲ್ಯಾಣದಲ್ಲಿ ಮಾರಯ್ಯನು ಕೈಕೊಂಡ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರಿಗೆ ತಮ್ಮ ತಮ್ಮ ಕಾಯಕಗಳೇ ಹೆಸರಿಗೆ ಸೇರಿದಂತೆ, ಆಯ್ದ ಅಕ್ಕಿಯು ಇವರ ಹೆಸರಿಗೆ ಸೇರಿ ನಿಂತಿತು. ಆ ಸೀಮೆಯು ಜೋಳದ ಸೀಮೆಯೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಎರೆಯ ಹೊಲಗಳಲ್ಲಿ ಜೋಳವು ಬೆಳೆಯುವದೇ ಹೊರತು ನೆಲ್ಲು ಬೆಳೆಯುವದು ಅಪರೂಪ. ಅಂಥಲ್ಲಿ ಅಕ್ಕಿಯೆಂದರೆ ಬೆಲೆಯುಳ್ಳ ಧಾನ್ಯ. ನಿತ್ಯವೂ ಜಂಗಮರ ಪಂಕ್ತಿಗಳು ಏಳುತ್ತಿದ್ದ ಮಹಾಮನೆಯಲ್ಲಿ ಹೇರುಗಳು ಇಳಿಯುವಾಗ, ಕೊಳಗದಿಂದ ಅಳೆಯುವಾಗ, ಮೊರದಿಂದ ಕೇರುವಾಗ ಅಲ್ಲಲ್ಲಿ ಕಾಳು ಸಿಡಿಯುವದು ಸಹಜವೇ. ಅದನ್ನು ಒಡೆಯರು ಹುಡುಕುವವರಲ್ಲ, ಆಳುಗಳು ಬಗ್ಗುವವರಲ್ಲ; ಹಕ್ಕಿಗಳಿಗೂ ಇರುವೆಗಳಿಗೂ ಕಾಲಧೂಳಿಗೂ ಸಲ್ಲತಕ್ಕದ್ದು. ಆ ಅಕ್ಕಿಯನ್ನು ಮಾರಯ್ಯನು ಬಗ್ಗಿ ಬಗ್ಗಿ ಆಯುತ್ತಿದ್ದನು.

ಇದು ಭಿಕ್ಷಾವೃತ್ತಿಗೆ ಸಮಾನವಲ್ಲವೆ ಎಂದು ಶಂಕಿಸುವವರುಂಟು. ಹಾಗಲ್ಲ. ಭಿಕ್ಷೆಯಲ್ಲಿ ಕೊಡುವವನ ಕೈ ಮೇಲೆ, ಬೇಡುವವನ ಕೈ ಕೆಳಗೆ. ಮಾರಯ್ಯನು ಯಾರ ಮುಂದೆಯೂ ಕೈಯೊಡ್ಡಲಿಲ್ಲ; ಯಾರ ಪಾಲನ್ನೂ ಕುಗ್ಗಿಸಲಿಲ್ಲ. ಕೆಟ್ಟುಹೋಗುವ ಅನ್ನವನ್ನು ತನ್ನ ಬೆನ್ನಿನ ಶ್ರಮದಿಂದ ಉಳಿಸಿ ಪ್ರಸಾದವನ್ನಾಗಿ ಮಾಡಿದನು. ಮನೆಗೆ ಬಂದ ಮೇಲೆ ಲಕ್ಕಮ್ಮನ ಕೆಲಸವು ಮೊದಲಾಗುತ್ತಿತ್ತು. ನೆಲದಿಂದ ಆಯ್ದ ಅಕ್ಕಿಯಲ್ಲಿ ಮಣ್ಣೂ ಹರಳೂ ಕೂಡಿಕೊಂಡಿರುವವು. ಅದನ್ನು ಕೇರಿ, ಹಸನು ಮಾಡಿ, ತೊಳೆದು, ಅಡಿಗೆ ಮಾಡಿ, ಲಿಂಗಕ್ಕೆ ಅರ್ಪಿಸಿ, ಬಂದ ಜಂಗಮರಿಗೆ ಬಡಿಸಿ, ಉಳಿದದ್ದನ್ನು ತಾವು ಪ್ರಸಾದವೆಂದು ಸ್ವೀಕರಿಸುವದು ಆ ಮನೆಯ ನಿತ್ಯವಿಧಿ. ಹರಳು ಆರಿಸಿದವರಿಗೇ ಆ ಕೆಲಸದ ತಾಳ್ಮೆ ಗೊತ್ತು. ಇಂದಿನದು ಇಂದಿಗೆ ತೀರುವದು. ನಾಳಿನದು ನಾಳಿನ ಕಾಯಕದಿಂದ ಬರುವದು.

ಲಕ್ಕಮ್ಮನ ಬಾಳಿನ ಘಟನೆಗಳಲ್ಲಿ ಮುಖ್ಯವಾದವುಗಳನ್ನು ಶೂನ್ಯಸಂಪಾದನೆಯು ನಮಗೆ ಉಳಿಸಿಕೊಟ್ಟಿದೆ. ಅವುಗಳಲ್ಲಿ ಮೊದಲನೆಯದು ಹೀಗಿದೆ. ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಕುಳಿತನು. ಅಲ್ಲಮಪ್ರಭುದೇವರೂ ಬಸವಣ್ಣನವರೂ ಇದ್ದ ಸಭೆ. ಅನುಭಾವದ ಮಾತಿಗೆ ಮಾತು ಹೊಂದಿ ಹೊತ್ತು ಸರಿದದ್ದೇ ತಿಳಿಯಲಿಲ್ಲ. ಕಾಯಕದ ಮಹಿಮೆಯನ್ನು ಮಾರಯ್ಯನಷ್ಟು ಎತ್ತರಕ್ಕೆ ಏರಿಸಿ ಹೇಳಿದ ಶರಣರು ವಿರಳ. ಕಾಯಕದಲ್ಲಿ ತೊಡಗಿದವನು ಎದುರಿಗೆ ಗುರುವು ಬಂದರೂ ಲಿಂಗಪೂಜೆಯ ಹೊತ್ತಾದರೂ ಕೈಯ ಕೆಲಸವನ್ನು ಬಿಡಬಾರದೆಂಬಷ್ಟು ಕಟ್ಟುನಿಟ್ಟಿನ ಅಭಿಪ್ರಾಯವು ಅವನದು. ಅಂಥವನೇ ಅಂದು ಮಾತಿನ ಸವಿಯಲ್ಲಿ ಕಾಯಕವನ್ನು ಮರೆತನು. ಲಕ್ಕಮ್ಮನು ಅಲ್ಲಿಗೆ ಬಂದು, ಕಾಯಕವು ನಿಂತುಹೋಗಿದೆ, ಎದ್ದು ನಡೆಯಬೇಕೆಂದು ಪತಿಗೆ ಅರುಹಿದಳು. ಅರಸನ ಭಂಡಾರಿಯೂ ಶೂನ್ಯಸಿಂಹಾಸನದ ಒಡೆಯರೂ ಇದ್ದ ಸಭೆಯೆಂದು ಆಕೆ ಅಂಜಲಿಲ್ಲ. ಅವರ ಮಾತು ಸಣ್ಣದೆಂದೂ ಆಕೆ ತಿಳಿದಿರಲಿಲ್ಲ. ಒಲೆಯ ಮೇಲೆ ಇಡುವ ಅಕ್ಕಿಯಿಲ್ಲ, ಜಂಗಮರು ಬರುವ ಹೊತ್ತಾಯಿತು. ಆಕೆಗೆ ಆಗ ಅದಕ್ಕಿಂತ ಹೆಚ್ಚಿನ ಅನುಭಾವವೊಂದು ಇರಲಿಲ್ಲ.

ಮಾರಯ್ಯನು ಲಗುಬಗೆಯಿಂದ ಮಹಾಮನೆಗೆ ಹೋದನು. ಅಂದು ಅಂಗಳದಲ್ಲಿ ದಿನಕ್ಕಿಂತ ಹೆಚ್ಚಿನ ಅಕ್ಕಿಯು ಬಿದ್ದಿತ್ತು. ಈ ಬಡ ದಂಪತಿಗಳ ಮೇಲಿನ ಅಂತಃಕರಣದಿಂದಲೋ, ಅವರ ವ್ರತವನ್ನು ಒರೆಗೆ ಹಚ್ಚಿ ನೋಡುವ ಬಯಕೆಯಿಂದಲೋ, ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರೆಂದು ಜನರು ಹೇಳುತ್ತ ಬಂದಿದ್ದಾರೆ. ಮಾರಯ್ಯನು ಅದೆಲ್ಲವನ್ನೂ ಆಯ್ದುಕೊಂಡನು. ಹೊತ್ತು ಮೀರಿದ ದಿನವೂ ಬರಿಗೈಯಲ್ಲಿ ಹೋಗದೆ ತುಂಬುಗೈಯಲ್ಲಿ ಹೋಗುತ್ತಿರುವೆನೆಂದು ಅವನಿಗೆ ಹರ್ಷವಾಗಿರಲಿಕ್ಕೂ ಸಾಕು. ಮನೆಯ ಹೆಂಗಸು ಹಿಗ್ಗುವಳೆಂದು ಎಣಿಸದ ಗಂಡಸು ಯಾರು?

ಲಕ್ಕಮ್ಮನು ಅಕ್ಕಿಯನ್ನು ನೋಡಿದಳು. ಅಳತೆಯು ಆಕೆಯ ಕಣ್ಣಿನಲ್ಲಿತ್ತು. ನಿತ್ಯದ ಪ್ರಮಾಣಕ್ಕಿಂತ ಇದು ಹೆಚ್ಚಾಗಿರುವದೆಂದು ಕೂಡಲೆ ತಿಳಿದು, ಇದು ಎಲ್ಲಿಂದ ಬಂತೆಂದು ಕೇಳದೆ, ಇದು ಯಾರ ಮನಸ್ಸಿನಿಂದ ಬಂತೆಂದು ಕೇಳಿದಳು. ನಿನ್ನ ಮನಸ್ಸು ಒಂದಾಗಿದ್ದದ್ದು ಎರಡಾಯಿತೋ, ಅಥವಾ ಬಸವಣ್ಣನವರ ಚಿತ್ತದಲ್ಲಿ ನಮ್ಮ ವಿಷಯವಾಗಿ ಸಂದೇಹವು ಹುಟ್ಟಿತೋ ಎಂಬದು ಆಕೆಯ ಪ್ರಶ್ನೆಯ ತಾತ್ಪರ್ಯ. ಅಳತೆಯ ಮಾತನ್ನೂ ಮನಸ್ಸಿನ ಮಾತನ್ನೂ ಒಂದೇ ಉಸಿರಿನಲ್ಲಿ ಹೆಣೆದು ಆಡಿದ ಆ ವಚನವು ಆಕೆಯ ವಚನಗಳಲ್ಲೆಲ್ಲ ಪ್ರಸಿದ್ಧವಾದದ್ದು. ಆಶೆಯು ರಾಜ್ಯವಾಳುವವರಿಗೆ ಇರಬಹುದು, ಶಿವಭಕ್ತರಿಗೆ ಅದೇಕೆ ಎಂದು ಆಕೆಯು ನೊಂದುಕೊಂಡಳು. ಈ ಹೆಚ್ಚಿನ ಅಕ್ಕಿಯು ಲಿಂಗಕ್ಕೆ ಸಲ್ಲದ ನೈವೇದ್ಯವೆಂದೂ, ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದೂ ಹೇಳಿ ಪತಿಯನ್ನು ಹಿಂದಕ್ಕೆ ಕಳುಹಿದಳು. ಮಾರಯ್ಯನು ಹೋದನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವದು ಸುಲಭ. ಆದರೆ ವಿಚಾರಿಸಿ ನೋಡಿದರೆ ಆ ಅಕ್ಕಿಯಲ್ಲಿ ಏನು ದೋಷವಿತ್ತು? ಅದು ಕದ್ದದ್ದಲ್ಲ, ಬೇಡಿದ್ದಲ್ಲ. ಉಳಿದರೆ ಮರುದಿನ ಜಂಗಮರಿಗೇ ಆಗುತ್ತಿತ್ತು. ಮಳೆ ಬಂದು ಕಾಯಕವು ತಪ್ಪಿದ ದಿನಕ್ಕೆ ಒದಗುತ್ತಿತ್ತು. ಮನೆವಾರ್ತೆಯನ್ನು ಬಲ್ಲ ಯಾವ ಗೃಹಿಣಿಯಾದರೂ ಅದನ್ನು ಗಡಿಗೆಯಲ್ಲಿ ಹಾಕಿ ಮುಚ್ಚಿಡುತ್ತಿದ್ದಳು. ಅದಕ್ಕಾಗಿ ಆಕೆಯನ್ನು ಯಾರೂ ದೂರುತ್ತಿರಲಿಲ್ಲ. ಲಕ್ಕಮ್ಮನು ಹಾಗೆ ಮಾಡದ್ದಕ್ಕೆ ಕಾರಣವು ನಮಗೆ ತೋರುವ ಮಟ್ಟಿಗೆ ಇಷ್ಟು: ಆ ಗಡಿಗೆಯು ಮನೆಗೆ ಬಂದ ದಿನದಿಂದ ಅದನ್ನು ಕಾಯುವ ಚಿಂತೆಯೂ ಬರುತ್ತಿತ್ತು. ಮರುದಿನ ಮಾರಯ್ಯನು ಅಂಗಳದಲ್ಲಿ ಬಗ್ಗಿದಾಗ, ನಿನ್ನೆಯಷ್ಟು ಬಿದ್ದಿದೆಯೋ ಇಲ್ಲವೋ ಎಂದು ಕಣ್ಣು ಹೊರಳುತ್ತಿತ್ತು. ನಿನ್ನೆಯವರೆಗೆ ಸಾಕಾಗಿದ್ದದ್ದು ಅಂದಿನಿಂದ ಕಡಿಮೆಯಾಗಿ ಕಾಣುತ್ತಿತ್ತು. ಅಕ್ಕಿಯು ಒಂದು ಪಾವು ಹೆಚ್ಚಾಗಿ, ಸಂತೋಷವು ಒಂದು ಕೊಳಗ ಕಡಿಮೆಯಾಗುತ್ತಿತ್ತು. ಇದಲ್ಲದೆ, ತಾವಾಗಿ ಚೆಲ್ಲಿದ ಕಾಳನ್ನು ಆಯುವದು ಬೇರೆ. ಇವರು ಆಯಲೆಂದು ಚೆಲ್ಲಿದ ಕಾಳನ್ನು ಆಯುವದು ಬೇರೆ. ಎರಡನೆಯದು ಕಾಯಕದ ವೇಷದಲ್ಲಿ ಬಂದ ಭಿಕ್ಷೆ. ಬಸವಣ್ಣನವರಂಥವರ ಕೈಯಿಂದ ಬಂದರೂ ಅದು ಬೇಡವೆಂದು ಹೇಳಲು ಆಕೆಗೆ ಎದೆಗಾರಿಕೆಯಿತ್ತು.

ಬಡವರಿಗೆ ತೃಪ್ತಿಯನ್ನು ಬೋಧಿಸುವದು ಉಳ್ಳವರಿಗೆ ಅನುಕೂಲವಾದ ಧರ್ಮವೆಂದು ಕೆಲವರು ಆಕ್ಷೇಪಿಸುತ್ತಾರೆ. ಆ ಆಕ್ಷೇಪಕ್ಕೆ ಅರ್ಥವಿಲ್ಲವೆನ್ನಲಾರೆವು. ಕೂಲಿಯನ್ನು ಕಡಿಮೆ ಕೊಟ್ಟು, ಇದ್ದದ್ದರಲ್ಲಿ ಸಂತುಷ್ಟರಾಗಿರಿ ಎಂದು ಉಪದೇಶಿಸುವ ಧಣಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ ಲಕ್ಕಮ್ಮನಿಗೆ ತೃಪ್ತಿಯನ್ನು ಯಾರೂ ಬೋಧಿಸಲಿಲ್ಲ. ಉಳ್ಳವರು ಹೆಚ್ಚು ಕೊಡಬಂದರು, ಆಕೆಯು ಸಾಕೆಂದಳು; ಸಾಕೆನ್ನುವ ಅಧಿಕಾರವು ಆಕೆಯ ಕೈಯಲ್ಲಿತ್ತು. ನುಲಿಯ ಚಂದಯ್ಯನ ಕಥೆಯಲ್ಲಿಯೂ ಇದೇ ಸ್ವಾರಸ್ಯವಿದೆ. ಅವನು ಹೊಸೆದ ಹಗ್ಗಕ್ಕೆ ನ್ಯಾಯವಾದ ಬೆಲೆಗಿಂತ ಹೆಚ್ಚು ಹೊನ್ನು ಬಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ತನ್ನ ಬೆಲೆಯನ್ನಷ್ಟೇ ಇಟ್ಟುಕೊಂಡನೆಂದು ಹೇಳುವರು. ಅವನು ಬೆಲೆಯನ್ನು ಬಿಡಲಿಲ್ಲವೆಂಬದನ್ನೂ ಗಮನಿಸತಕ್ಕದ್ದು. ಶರಣರು ದುಡಿಮೆಯ ಪ್ರತಿಫಲವನ್ನು ತುಚ್ಛವೆಂದು ಎಂದೂ ಎಣಿಸಲಿಲ್ಲ. ಬಡತನವು ಪೂಜ್ಯವೆಂದೂ ಲಕ್ಕಮ್ಮನು ಎಲ್ಲಿಯೂ ಹೇಳಿಲ್ಲ. ಮನಸ್ಸು ಶುದ್ಧವಿಲ್ಲದವನಿಗೇ ದ್ರವ್ಯದ ಬಡತನವೆಂಬದು ಅಂಟುವದು, ಶುದ್ಧ ಚಿತ್ತದಿಂದ ಕಾಯಕ ಮಾಡುವವನಿಗೆ ಅತ್ತಿತ್ತ ನೋಡಿದಲ್ಲೆಲ್ಲ ಸಿರಿಯೇ ಕಾಣುವದೆಂದು ಆಕೆಯ ನಿಲುವು. ತನ್ನನ್ನು ಬಡವಳೆಂದು ಆಕೆ ತಿಳಿದೇ ಇರಲಿಲ್ಲ. ಆದುದರಿಂದ ಬಡತನವನ್ನು ಸಹಿಸುವ ಪ್ರಶ್ನೆಯೂ ಆಕೆಗೆ ಬರಲಿಲ್ಲ.

ಹೆಚ್ಚಿನ ಅಕ್ಕಿಯನ್ನು ಸುರಿದು ಬಂದ ಬಳಿಕ ಉಳಿದದ್ದು ಎಂದಿನ ಅಳತೆಯ ಅಕ್ಕಿ. ಬೇರೊಬ್ಬರಾಗಿದ್ದರೆ ಅಂದು ಮೌನದಿಂದ ಉಂಡು ಮಲಗುತ್ತಿದ್ದರು. ಲಕ್ಕಮ್ಮನು ಬಸವಣ್ಣನವರನ್ನೂ ಅವರ ಪಂಕ್ತಿಯಲ್ಲಿ ಉಣ್ಣುವ 1,96,000 ಜಂಗಮರನ್ನೂ ತನ್ನ ಮನೆಗೆ ಪ್ರಸಾದಕ್ಕೆ ಕರೆಯಿಸಿದಳು. ಆ ಹಿಡಿ ಅಕ್ಕಿಯ ಬೋನವೇ ಬಂದವರಿಗೆಲ್ಲ ಸಾಕಾಯಿತೆಂದು ಪ್ರತೀತಿ. ಇದನ್ನು ಪವಾಡವೆಂದು ಕೈಮುಗಿಯುವವರು ಮುಗಿಯಲಿ. ಸಂಖ್ಯೆಯ ವಿಷಯದಲ್ಲಿ ವಾದಿಸುವವರು ವಾದಿಸಲಿ. ನಮಗೆ ಮುಖ್ಯವಾಗಿ ಕಾಣುವದು ಆಮಂತ್ರಣ. ದಿನಾಲು ಯಾರ ಅಂಗಳದ ಕಾಳಿನಿಂದ ತನ್ನ ಒಲೆಯು ಉರಿಯುತ್ತಿತ್ತೋ ಅವರ ಉಪಕಾರವನ್ನು ಆ ತಾಯಿಯು ಮರೆತಿರಲಿಲ್ಲ. ಹೆಚ್ಚು ಕೊಟ್ಟಿರೆಂದು ಕೋಪಿಸಿಕೊಂಡು ಬಾಗಿಲು ಮುಚ್ಚಲಿಲ್ಲ. ಕೊಟ್ಟವರನ್ನೇ ಕರೆದು ಎಲೆ ಹಾಕಿ ಬಡಿಸಿದಳು. ಉಪಕಾರಸ್ಮರಣೆಯನ್ನು ಮಾತಿನಲ್ಲಿ ಸಲ್ಲಿಸುವವರು ಬಹಳ. ಅನ್ನದಲ್ಲಿ ಸಲ್ಲಿಸಿದವಳು ಈಕೆ. ಅಂದು ಭಂಡಾರಿ ಬಸವಣ್ಣನವರು ಆಯ್ದಕ್ಕಿಯ ಗುಡಿಸಿಲಿನಲ್ಲಿ ಅತಿಥಿಗಳಾಗಿ ಕುಳಿತದ್ದನ್ನು ನೆನೆದರೆ, ಯಾರು ಉಳ್ಳವರು ಯಾರು ಇಲ್ಲದವರು ಎಂಬ ಲೆಕ್ಕವೇ ತಪ್ಪುವದು.

ಚರಿತ್ರೆಯು ಇಲ್ಲಿಗೆ ನಿಂತಿದ್ದರೆ ಲಕ್ಕಮ್ಮನು ಒಬ್ಬ ನಿರಾಶೆಯ ಗೃಹಿಣಿಯಾಗಿ ಮಾತ್ರ ಉಳಿಯುತ್ತಿದ್ದಳು. ಆಕೆಯ ನಿಜವಾದ ಹಿರಿಮೆಯು ಮುಂದಿನ ಪ್ರಸಂಗದಲ್ಲಿದೆಯೆಂದು ನಮ್ಮ ಎಣಿಕೆ. ಅದನ್ನು ಪುರಾಣಿಕರು ಬೇಗನೆ ದಾಟಿಹೋಗುವದು ವಿಷಾದದ ಸಂಗತಿ. ಇಷ್ಟೆಲ್ಲ ಆದ ಮೇಲೆ ಮಾರಯ್ಯನಲ್ಲಿ ಇನ್ನೊಂದು ಬಯಕೆಯು ತಲೆಯೆತ್ತಿತು. ಕಾಯಕವನ್ನೂ ದಾಸೋಹವನ್ನೂ ತಪ್ಪದೆ ನಡೆಸಿದ್ದಾಯಿತು, ಇನ್ನು ಇದರ ಮೇಲಿನ ಪದವಿಯು ಯಾವುದು, ಲಿಂಗದಲ್ಲಿ ಬೆರೆಯುವ ಬಗೆ ಯಾವುದು ಎಂದು ಅವನ ಚಿತ್ತವು ತೊಳಲಿತು. ಸಾಮಾನ್ಯ ದೃಷ್ಟಿಗೆ ಇದು ಉತ್ತಮವಾದ ಬಯಕೆ. ಮುಮುಕ್ಷುವಿನ ಲಕ್ಷಣವೆಂದು ಶಾಸ್ತ್ರಜ್ಞರು ಹೊಗಳುವದು ಇದನ್ನೇ. ಲಕ್ಕಮ್ಮನ ಕಣ್ಣಿಗೆ ಮಾತ್ರ ಇದೂ ಅಂಗಳದ ಹೆಚ್ಚಿನ ಅಕ್ಕಿಯಾಗಿಯೇ ಕಂಡಿತು. ಮಾಡುವ ಕೆಲಸವು ಕೈಯಲ್ಲಿರುವಾಗ ಬೇರೊಂದು ಪದವಿಯನ್ನು ಹುಡುಕುವದೇಕೆಂದು ಆಕೆ ಕೇಳಿದಳು. ಮಾಡಿದ ಸೇವೆಗೆ ಕೈಲಾಸವನ್ನು ಕೂಲಿಯಾಗಿ ಎಣಿಸುವದು ಸೇವೆಯ ಮಾರಾಟವೆಂಬುದು ಆಕೆಯ ಮತ. ಕಾಳಿನ ಆಶೆಯನ್ನು ಬಿಟ್ಟವನು ಮೋಕ್ಷದ ಆಶೆಯನ್ನು ಗಂಟುಕಟ್ಟಿಕೊಂಡರೆ ಗಂಟು ಬದಲಾಯಿತೇ ವಿನಾ ಹೊರೆ ಇಳಿಯಲಿಲ್ಲ. ಮಾರಯ್ಯನು ಆಗ ತನ್ನ ಮರವೆಯನ್ನು ಒಪ್ಪಿಕೊಂಡು, ತಿಳಿಸಿಕೊಡಬೇಕೆಂದು ಹೆಂಡತಿಯನ್ನೇ ಬಿನ್ನವಿಸಿದನು. ಆಕೆಯು ಬೋಧಿಸಿದಳು, ಅವನು ಶಿಷ್ಯನಂತೆ ಕೇಳಿದನು. 12ನೆಯ ಶತಮಾನದಲ್ಲಿ ಒಬ್ಬ ಗಂಡನು ಹೆಂಡತಿಯ ಮುಂದೆ ಹೀಗೆ ಕುಳಿತದ್ದು ಅವನ ಹಿರಿಮೆಯೂ ಹೌದೆಂದು ಹೇಳದೆ ಇರಲಾಗದು. ಎರಡು ಸಾರೆ ಹೆಂಡತಿಯ ಮಾತಿಗೆ ಎದ್ದು ನಡೆದವನು ಮೂರನೆಯ ಸಾರೆ ಕುಳಿತು ಕೇಳಿದನು.

ಪ್ರಸಂಗವಶಾತ್ ಇನ್ನೊಂದು ಮಾತು. ಉತ್ಸವದ ನಿಮಿತ್ತವಾಗಿ ಭಕ್ತರು ಮಠಕ್ಕೆ ಧನಧಾನ್ಯಗಳನ್ನು ಯಥೇಚ್ಛವಾಗಿ ಒಪ್ಪಿಸುತ್ತಿರುವರು. ಕೊಡುವ ಕೈಗಳು ದೊಡ್ಡವು, ಅದರಲ್ಲಿ ಮಾತಿಲ್ಲ. ಮಠದ ಹಗೇವು ತುಂಬುವದೂ ಬೇಕು. ಪಾಠಶಾಲೆಯ ಹುಡುಗರೂ ದಾರಿಹೋಕರೂ ಆ ಹಗೇವನ್ನೇ ನಂಬಿರುವರು. ಆದರೆ ಲಕ್ಕಮ್ಮನ ಚರಿತ್ರೆಯನ್ನು ಬರೆಯುವಾಗ, ಈ ತಾಯಿಯು ನಮ್ಮ ಉಗ್ರಾಣದ ಬಾಗಿಲಲ್ಲಿ ನಿಂತರೆ ಯಾವ ಚೀಲವನ್ನು ಒಳಗೆ ಬಿಡುವಳು, ಯಾವುದನ್ನು ಹಿಂದಕ್ಕೆ ಕಳುಹುವಳು ಎಂಬ ವಿಚಾರವು ಬಾರದೆ ಇರಲಿಲ್ಲ. ಹೆಸರಿನ ಫಲಕಕ್ಕಾಗಿ ಬಂದದ್ದನ್ನೂ ಲೆಕ್ಕವಿಟ್ಟು ಪುಣ್ಯಕ್ಕಾಗಿ ಬಂದದ್ದನ್ನೂ ಆಕೆಯು ಕಣ್ಣಳತೆಯಿಂದಲೇ ಗುರುತಿಸುತ್ತಿದ್ದಳೆಂದು ನಮಗೆ ಅನ್ನಿಸುತ್ತದೆ. ಹಿರಿಯರು ಕ್ಷಮಿಸಬೇಕು.

ಶರಣರ ಈ ಸಂವಾದಗಳನ್ನು ಶೂನ್ಯಸಂಪಾದನೆಯಾಗಿ 15ನೆಯ ಶತಮಾನದಲ್ಲಿ ಮೊದಲು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ತಮ್ಮ ತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ತಾಡೋಲೆಗಳಲ್ಲಿ ಅಡಗಿದ್ದ ಆ ಗ್ರಂಥವನ್ನು ವಿಜಾಪುರದ ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚು ಮಾಡಿ ಲೋಕಕ್ಕೆ ನೀಡಿದರು. ವಕೀಲಿಯ ಉತ್ಪನ್ನವನ್ನು ವಚನಗಳ ಪ್ರಕಟನೆಗೆ ಸುರಿದು ತಮ್ಮ ಸಂಸಾರವನ್ನು ಕಡಿಮೆಯಲ್ಲಿ ಸಾಗಿಸಿದ ಆ ಮಹನೀಯರ ಕೈಯಿಂದ ಲಕ್ಕಮ್ಮನ ಪ್ರಸಂಗವು ಬೆಳಕಿಗೆ ಬಂದದ್ದು ಯೋಗ್ಯವೇ ಆಯಿತು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಈಕೆಯ ವಚನಗಳೂ ಅದರಲ್ಲಿ ಸೇರಿದವು.

ಲಕ್ಕಮ್ಮನವೆಂದು ಉಳಿದು ಬಂದಿರುವ ವಚನಗಳು 25, ಮಾರಯ್ಯನವು 32. ಅದರಲ್ಲಿಯೂ ಆಕೆಯದು ಕಡಿಮೆಯ ಪಾಲೇ. ಮಾರಯ್ಯನು ತನ್ನ ವಚನಗಳಿಗೆ ಅಮರೇಶ್ವರಲಿಂಗವೆಂದು ಮುದ್ರೆಯೊತ್ತಿದನು. ಪತಿಯನ್ನು ಸಭೆಯಿಂದ ಎಬ್ಬಿಸಿದ, ಅಕ್ಕಿಯೊಡನೆ ಹಿಂದಕ್ಕಟ್ಟಿದ, ಕೊನೆಗೆ ಎದುರಿಗೆ ಕುಳ್ಳಿರಿಸಿ ಬೋಧಿಸಿದ ಲಕ್ಕಮ್ಮನು ಅದೇ ದೇವರ ಹೆಸರಿನ ಮೊದಲಿಗೆ ಪತಿಯ ಹೆಸರನ್ನು ಸೇರಿಸಿ, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ಬರೆಯಿಸಿಕೊಂಡಳು.